ಇನ್ನೂರ ಹನ್ನೆರಡನೆಯ ಚೀಟಿ

ಫೆಬ್ರವರಿ 26, ಗುರುವಾರ. ಬೆಳಿಗ್ಗೆ 11

ಇವತ್ತೂ ಬ್ಲಾಕ್ ಎಣಿಸುವ ಕೆಲಸ. ಬ್ಲಾಕ್‌ಚೈನ್ ಅನ್ನುವ ಸಾರ್ವಜನಿಕ ಲೆಕ್ಕದ ಪುಸ್ತಕಕ್ಕೆ ಸೇರುವ ಒಂದೊಂದು ಹೊಸ ಪುಟವೇ ಒಂದು ಬ್ಲಾಕ್. ಹತ್ತು ನಿಮಿಷಕ್ಕೊಂದು ಬರುತ್ತದಂತೆ. ನಲವತ್ತು ನಿಮಿಷ ಒಂದೂ ಇಲ್ಲ, ಆಮೇಲೆ ಒಂದೇ ನಿಮಿಷದಲ್ಲಿ ಎರಡು. ಥೇಟ್ ಬಸ್ಸಿನ ಬುದ್ಧಿ.

ಒಂಬತ್ತೂವರೆಗೆ ಬಂದ ಬ್ಲಾಕ್ ಸ್ವಲ್ಪ ಹೊತ್ತು ಇತ್ತು, ಮಾಯವಾಯಿತು. ಅದರ ಜಾಗದಲ್ಲಿ ಬೇರೊಂದು. ಇಬ್ಬರು ಒಟ್ಟೊಟ್ಟಿಗೆ ಬ್ಲಾಕ್ ಕಟ್ಟಿದರೆ ಹೀಗಾಗುತ್ತದೆ, ಒಂದು ಉಳಿಯುತ್ತದೆ, ಇನ್ನೊಂದು ಬಿದ್ದುಹೋಗುತ್ತದೆ. ಗೊತ್ತಿದ್ದದ್ದೇ. ಆದರೂ ಕಣ್ಣಾರೆ ಕಂಡಾಗ ಮೈ ಜುಮ್ಮೆಂದಿತು. ಆದದ್ದು ಆಗಲೇ ಇಲ್ಲ ಅಂತ ನಮ್ಮ ಕಾವಲು ಸಾಫ್ಟ್‌ವೇರ್ ಒಪ್ಪಿಕೊಳ್ಳಬೇಕಲ್ಲ! ನೋಡಿದ್ದನ್ನು ಮರೆಯಲು ಅದಕ್ಕೆ ಸರಿಯಾಗಿ ಕಲಿಸಿದ್ದೇವಾ?

ಆ ಭಾಗ ಬರೆದದ್ದು ಮೌನಿ. ಆಫೀಸಿನಲ್ಲಿ ಇರುವುದೇ ಇಬ್ಬರು — ಬರೆಯುವವನು ಅವನು, ತಪ್ಪು ಹುಡುಕಿ ಬೈಯುವವಳು ನಾನು. ಕೇಳಿದೆ. "ಕೆಲಸ ಮಾಡುತ್ತೆ" ಅಂದ. ಅವನ ಇವತ್ತಿನ ಮಾತು ಮುಗಿಯಿತು.

ಫೆಬ್ರವರಿ 28, ಶನಿವಾರ

ಅತ್ತೆ, ಬಟ್ಟೆ ಮಡಿಸುತ್ತಾ: "ಇಡೀ ದಿನ ಆ ಕಂಪ್ಯೂಟರ್ ಮುಂದೆ ಏನಮ್ಮ ಕಾಯ್ತೀಯ?"

ಹೇಳಿದೆ. ಅಕ್ಕನ ಗಂಡ, ಭಾವನ ಕನ್ನಡಕದಂಗಡಿಗೂ ನನಗೂ ನಡುವೆ ಒಂದು ಚಾನೆಲ್ ಇದೆ. ಇಬ್ಬರೂ ಒಂದೇ ಪೆಟ್ಟಿಗೆಯಲ್ಲಿ ಹಣ ಹಾಕಿ ಬೀಗ ಹಾಕಿದಂತೆ. ಪೆಟ್ಟಿಗೆ ಬ್ಲಾಕ್‌ಚೈನ್ ಮೇಲೆ, ಊರಿಗೆಲ್ಲ ಕಾಣುವ ಹಾಗೆ. ಭಾವ ಲೆನ್ಸ್ ಕಂಪನಿಗೆ ದುಡ್ಡು ಕಳಿಸುವುದು ನನ್ನ ಮೂಲಕ. ಪ್ರತಿ ಸಲವೂ 'ಇದರಲ್ಲಿ ನಿಮ್ಮದಿಷ್ಟು, ನನ್ನದಿಷ್ಟು' ಅಂತ ಒಂದು ಹೊಸ ಚೀಟಿ. ಚೀಟಿಗಳು ನಮ್ಮಿಬ್ಬರ ಹತ್ತಿರವೇ ಇರುತ್ತವೆ. ಪೆಟ್ಟಿಗೆ ತೆರೆಯುವ ದಿನ ಕೊನೆಯ ಚೀಟಿ ತೋರಿಸಬೇಕು.

"ಹಳೇ ಚೀಟಿ ತೋರಿಸಿದ್ರೆ?"

ಭಲೇ ಅತ್ತೆ! ನಮ್ಮ ಇಡೀ ಕಸುಬು ನಿಂತಿರುವುದೇ ಆ ಪ್ರಶ್ನೆಯ ಮೇಲೆ.

"ತೋರಿಸಿದವರಿಗೆ ತಕ್ಷಣ ದುಡ್ಡು ಸಿಗಲ್ಲ. 288 ಬ್ಲಾಕ್ ಕಾಯ್ಬೇಕು, ಹೆಚ್ಚುಕಮ್ಮಿ ಎರಡು ದಿನ. ಅಷ್ಟರೊಳಗೆ ಇನ್ನೊಬ್ಬರ ಕಾವಲು ಪ್ರೋಗ್ರಾಂ ಕಣ್ಣಿಗೆ ಬಿತ್ತೋ, ಇಡೀ ಪೆಟ್ಟಿಗೆ ಆ ಇನ್ನೊಬ್ಬರ ಪಾಲು. ಅದೇ ದಂಡ."

"ಮರೆತು ತೋರಿಸಿದ್ರೂ?"

"ಮರೆತದ್ದೋ ಕದ್ದದ್ದೋ, ಪ್ರೋಗ್ರಾಂಗೆ ಹೇಗೆ ಗೊತ್ತಾಗ್ಬೇಕು?"

"ಅದಕ್ಕೆ ಗೊತ್ತಾಗದಿದ್ರೆ ನಿಂಗೆ ಸಂಬಳ ಯಾಕೆ ಕೊಡ್ತಾರೆ?" ಅಂತ ನಾಲ್ಕು ದಿಂಬಿನ ಕವರ್ ನನ್ನ ತೊಡೆ ಮೇಲೆ ಹಾಕಿ ಹೋದರು. ಮಡಿಸಿದೆ.

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 10.20

ಭಾವನ ಪೆಟ್ಟಿಗೆ ತೆರೆದಿದೆ.

ಬೆಳಗಿನ ಜಾವವೇ ಆಗಿದೆ, ಈಗಾಗಲೇ 31 ಬ್ಲಾಕ್ ಕಳೆದಿವೆ. ಅವರು ಹೇಳಲೇ ಇಲ್ಲವಲ್ಲ. ಚೀಟಿಯ ನಂಬರ್ ಬಿಡಿಸಿ ನೋಡಿದೆ — 212. ನಮ್ಮ ಕೊನೆಯ ಚೀಟಿ 247.

ಹಳೆಯದು.

ಅದಕ್ಕಿಂತ ವಿಚಿತ್ರ ಇನ್ನೊಂದು. ನನ್ನ ಕಾವಲು ಪ್ರೋಗ್ರಾಂ ತುಟಿ ಪಿಟಕ್ ಅಂದಿಲ್ಲ. ಮೊದಲ ಬ್ಲಾಕ್‌ನಲ್ಲೇ ಎಗರಿ ಬೀಳಬೇಕಿತ್ತು. ಯಾಕೆ ಸುಮ್ಮನಿದೆ? ಹೆದರಿಕೆಗಿಂತ ಅದೇ ಕೊರೆಯುತ್ತಿದೆ. ಎಂಥ ಹೆಂಗಸು ನಾನು!

ಮಧ್ಯಾಹ್ನ 1

ಊಟ ಮಾಡದೆ ಹಳೆಯ ಚೀಟಿಗಳ ಪಟ್ಟಿ ಹಾಕಿ ಕೂತೆ. 212ರಿಂದ ಭಾವನಿಗೆ ಎಷ್ಟು ಲಾಭ? ಒಂದು ಸಾಧಾರಣ ಫ್ರೇಮಿನ ಬೆಲೆ. ಅಷ್ಟೇ! ಕದಿಯಲೇಬೇಕು ಅಂತಿದ್ದರೆ 198 ಇತ್ತಲ್ಲ, ಅದರಲ್ಲಿ ಅವರ ಪಾಲು ಹೆಚ್ಚುಕಡಿಮೆ ಎರಡರಷ್ಟು. ಇನ್ನೂರು ಚೀಟಿ ಕೈಯಲ್ಲಿಟ್ಟುಕೊಂಡು ಇಷ್ಟು ಬಡ ಚೀಟಿಯನ್ನು ಯಾವ ಕಳ್ಳ ಆರಿಸುತ್ತಾನೆ?

ದಂಡ ಬಿದ್ದರೆ ಹೋಗುವುದು ಮಾತ್ರ ಫ್ರೇಮಿನ ಬೆಲೆಯಲ್ಲ. ಮೂರು ತಿಂಗಳ ಲೆನ್ಸ್ ದುಡ್ಡು ಪೂರ್ತಿ ಅದರಲ್ಲಿದೆ. ಅಕ್ಕ ಮೊನ್ನೆಯೇ ಹೇಳಿದ್ದಳು, ಲೆನ್ಸ್ ಕಂಪನಿಗೆ ಶುಕ್ರವಾರ ಕಟ್ಟದಿದ್ದರೆ ಮಾಲು ನಿಲ್ಲಿಸುತ್ತಾರೆ ಅಂತ. ಲೆನ್ಸ್ ಇಲ್ಲದ ಕನ್ನಡಕದಂಗಡಿ!

212 ಬರೆದದ್ದು ಫೆಬ್ರವರಿ 9. ಆ ದಿನ ಏನಾಗಿತ್ತು?

ಸಂಜೆ 4.30

ಫೋನ್ ಮಾಡಿದೆ. ಸುತ್ತಿಬಳಸಿ ಕೇಳಲು ನನಗೆ ಬರುವುದಿಲ್ಲ.

"ಭಾವ, ಕಂಪ್ಯೂಟರ್ ಏನಾದ್ರೂ ಕೆಟ್ಟಿತ್ತಾ?"

"ಕೆಟ್ಟಿತ್ತು ಅಲ್ಲ, ಸತ್ತೇ ಹೋಗಿತ್ತು. ರಿಪೇರಿಯವರು ಹೊಸ ಡಿಸ್ಕ್ ಹಾಕಿ ಒಂಬತ್ತನೇ ತಾರೀಕಿನ ಕಾಪಿ ತುಂಬಿದ್ರು. ಇವತ್ತು ಬೇಗ ಎದ್ದು ಆನ್ ಮಾಡಿದ್ರೆ ನಿನ್ನ ಪ್ರೋಗ್ರಾಂ ಏನೋ ಹೊಂದ್ತಿಲ್ಲ, ಚಾನೆಲ್ ಮುಚ್ಚಲಾ ಅಂತ ಕೇಳ್ತು. ಹೌದು ಅಂತ ಒತ್ತಿದೆ. ಯಾಕೆ?"

"ಅಯ್ಯೋ ಭಾವ, ಹಳೇ ಕಾಪಿ ಹಾಕಬಾರ್ದಿತ್ತು!"

"ಹಾಕಬಾರ್ದಾ? ದಿನಾ ಕಾಪಿ ಇಟ್ಕೊಳ್ಳಿ ಅಂತ ನಿಮ್ಮ ಕೈಪಿಡೀಲೇ ಬರೆದಿದೆಯಲ್ಲ! ಅದನ್ನ ಬರೆದವರು ಯಾರು?"

ಬರೆದವಳು ನಾನೇ. ಏಳನೆಯ ಪುಟ, ದಪ್ಪ ಅಕ್ಷರದಲ್ಲಿ. ಬೇರೆಲ್ಲ ಕಡೆ ಕಾಪಿ ಅಂದರೆ ಆಪದ್ಬಂಧು. ಇಲ್ಲಿ ಹಳೆಯ ಕಾಪಿಯೇ ವಿಷ. ಅದನ್ನು ಬರೆಯಲು ತೋಚಿರಲೇ ಇಲ್ಲ. 

ವಿಷಯ ಹೇಳಿದೆ. ಇನ್ನೊಮ್ಮೆ ಹೇಳು ಅಂದರು. ಆಮೇಲೆ, "ಅಂದ್ರೆ ನಾನೀಗ ಕಳ್ಳನಾ?"

"ಪ್ರೋಗ್ರಾಂ ಲೆಕ್ಕದಲ್ಲಿ. ನನ್ನ ಲೆಕ್ಕದಲ್ಲಲ್ಲ. ಅದನ್ನ ಕಟ್ಟಿಹಾಕ್ತೀನಿ, ಎರಡು ದಿನ ಕಳೀಲಿ, ನಿಮ್ಮ ದುಡ್ಡು ನಿಮಗೆ ಬರುತ್ತೆ. ಆ ಫ್ರೇಮಿನ ದುಡ್ಡು ಯಾವಾಗಾದ್ರೂ ಕೊಡಿ."

"ಖಂಡಿತಾ ತಾನೇ?"

"ಖಂಡಿತಾ ಭಾವ."

ಮಾರ್ಚ್ 4, ಬುಧವಾರ. ಬೆಳಿಗ್ಗೆ 9.40

ಸಿಕ್ಕಿತು!! ಕಾವಲು ಯಾಕೆ ಸುಮ್ಮನಿತ್ತು ಅಂತ ಸಿಕ್ಕಿತು!

ನಿನ್ನೆ ಬೆಳಗಿನ ಜಾವ ಎರಡು ಬ್ಲಾಕ್ ಒಟ್ಟಿಗೆ ಬಂದಿವೆ. ಮೊದಲನೆಯದರಲ್ಲಿ ಭಾವನ ಚೀಟಿ ಕಂಡಿದೆ. ಕಾವಲು 'ಕಂಡೆ' ಅಂತ ಗುರುತು ಹಾಕಿಕೊಂಡು ಉತ್ತರ ತಯಾರಿಸಿದೆ. ಅಷ್ಟರಲ್ಲಿ ಆ ಬ್ಲಾಕ್ ಬಿದ್ದುಹೋಗಿದೆ. ಉತ್ತರವನ್ನು ಹರಿದುಹಾಕಿದೆ, ಸರಿ. ಆದರೆ ಗುರುತನ್ನು ಅಳಿಸಿಲ್ಲ! ಗೆದ್ದ ಬ್ಲಾಕ್‌ನಲ್ಲಿ ಅದೇ ಚೀಟಿ ಮತ್ತೆ ಬಂದಾಗ, 'ಇದನ್ನು ಆಗಲೇ ನೋಡಿದ್ದೇನಲ್ಲ' ಅಂತ ಮುಖ ತಿರುಗಿಸಿದೆ. ಅರ್ಧ ಮಾತ್ರ ಮರೆತಿದೆ, ಪುಣ್ಯಾತ್ಮ.

ಮೌನಿಗೆ ತೋರಿಸಿದೆ. ಕೆಂಪಗಾದ. ಒಂದು ಸಾಲು ಅಳಿಸಿದ, ಮೂರು ಸಾಲು ಬರೆದ. 'ಕಳೆದ 288 ಬ್ಲಾಕ್‌ಗಳನ್ನು ಇನ್ನೊಮ್ಮೆ ನೋಡು' ಅಂತಲೂ ಸೇರಿಸು ಅಂದೆ. ಬೇರೆ ಗಿರಾಕಿಗಳ ಪೆಟ್ಟಿಗೆಗಳೂ ಹೀಗೆ ತಪ್ಪಿಸಿಕೊಂಡಿರಬಹುದಲ್ಲ.

ಭಾವನ ಕಥೆಯನ್ನೂ ಹೇಳಿದೆ. ಅವನು ತಲೆ ಎತ್ತದೆ, "ಮೊದಲು ದಂಡ ತಗೊಳ್ಳಿ. ಆಮೇಲೆ ವಾಪಸ್ ಕೊಡಿ. ಸೇಫು."

"ನನಗೆ ಸೇಫು. ಅವರಿಗೆ?"

ಭುಜ ಕುಣಿಸಿದ. ಕಾವಲು ಕಟ್ಟಿಹಾಕಿದರೆ ನಾನು ಅವರನ್ನು ಒಂದು ಫ್ರೇಮಿನಷ್ಟು ನಂಬಬೇಕು, ಅಷ್ಟೇ. ದಂಡ ತೆಗೆದುಕೊಂಡರೆ ಅವರು ನನ್ನನ್ನು ಇಡೀ ಅಂಗಡಿಯಷ್ಟು ನಂಬಬೇಕು. ಬೇಡ. ನನ್ನ ಕಾವಲನ್ನು ನಾನೇ ಆಫ್ ಮಾಡಿದೆ. ಪ್ಲಗ್ ಕೂಡ ಕಿತ್ತೆ.

ಮಧ್ಯಾಹ್ನ 2.15

ಪರೀಕ್ಷೆ ಮುಗಿಯಿತು. ತಿದ್ದಿದ್ದನ್ನು ಎಲ್ಲರಿಗೂ ಕಳಿಸಿದೆವು. ಭಾವನ ಪೆಟ್ಟಿಗೆಗೆ ಇನ್ನು 88 ಬ್ಲಾಕ್ ಬಾಕಿ. ಎಷ್ಟು ಹಗುರ ಅನಿಸುತ್ತಿದೆ! ಮೌನಿಗೆ ಬಿಸ್ಕೆಟ್ ಕೊಡಿಸಿದೆ.

3.40

ಎರಡು ಸಲ ಲೆಕ್ಕ ನೋಡಿದೆ.

ದುಡ್ಡು ಬಂತು. ನನಗೆ. ಪೂರ್ತಿ.

ನನ್ನ ಕಾವಲು ಆಫ್ ಆಗಿಯೇ ಇದೆ, ಹೋಗಿ ನೋಡಿದೆ, ಪ್ಲಗ್ ನೆಲದ ಮೇಲೆ ಬಿದ್ದಿದೆ. ಮಾಡಿದ್ದು ಆಫೀಸಿನ ದೊಡ್ಡ ಯಂತ್ರ. ಮನೆಯ ಕಂಪ್ಯೂಟರ್ ಆರಿಸಿ ಊರಿಗೆ ಹೋಗುವ ಗಿರಾಕಿಗಳ ಪರವಾಗಿ ಕಾಯುವ ಯಂತ್ರ ಅದು. ಹೋದ ವರ್ಷ ಪರೀಕ್ಷೆ ಮಾಡಲು ಅಂತ ನಾನೇ ಅದರಲ್ಲಿ ನನ್ನ ಹೆಸರು ಬರೆಸಿದ್ದೆ. ತೆಗೆಸಿರಲಿಲ್ಲ. ನೆನಪೇ ಇರಲಿಲ್ಲ. ಅದರಲ್ಲೂ ಅದೇ ಹಳೆಯ ತಪ್ಪಿತ್ತು, ಹಾಗಾಗಿ ಅದೂ ಸುಮ್ಮನಿತ್ತು. ನಾವು ತಿದ್ದಿದೆವು. ಎದ್ದು ಕೂತು ಹಳೆಯ ಬ್ಲಾಕ್‌ಗಳನ್ನೆಲ್ಲ ನೋಡಿತು, 212 ಕಂಡಿತು, ಕೆಲಸ ಮುಗಿಸಿತು.

ಒಂದು ತಪ್ಪೂ ಮಾಡದೆ ಮುಗಿಸಿದೆ. ಟೆಸ್ಟರ್ ಆಗಿ ನಾನು ಅದಕ್ಕೆ ನೂರಕ್ಕೆ ನೂರು ಕೊಡಬೇಕು. ಥೂ.

ಭಾವನಿಗೆ ಫೋನ್ ಮಾಡಿ, ಬಿದ್ದುಹೋದ ಬ್ಲಾಕ್‌ನಿಂದ ಹಿಡಿದು ಎಲ್ಲ ಹೇಳಿದೆ. "ಕಟ್ಟಿಹಾಕ್ತೀನಿ ಅಂದಿದ್ದೆ" ಅಂದರು. ಇಟ್ಟುಬಿಟ್ಟರು.

ಮಾರ್ಚ್ 5, ಗುರುವಾರ

ಹನ್ನೊಂದು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ದುಡ್ಡು ವಾಪಸ್ ಕಳಿಸೋಣ ಅಂದರೆ ಹಳೆಯ ಚಾನೆಲ್ ಸತ್ತಿದೆ, ಹೊಸ ವಿಳಾಸ ಅವರೇ ಕೊಡಬೇಕು. ಸಂಜೆ ಅಂಗಡಿಗೆ ಹೋದೆ. ಶಟರ್ ಎಳೆದಿತ್ತು.

ಅಕ್ಕನ ಮೆಸೇಜ್: "ಎಲ್ರ ಮೇಲೂ ಹಾರಾಡ್ತಿದ್ದಾರೆ. ಇವತ್ತು ಬರಬೇಡ. ನೀನು ಹಾಗೆ ಮಾಡೋಳಲ್ಲ ಅಂತ ನಂಗೊತ್ತು ಕಣೇ. ಅವರಿಗೆ ಗೊತ್ತಾಗ್ಬೇಕಲ್ಲ."

ಅತ್ತೆ ಇವತ್ತು ದಿಂಬಿನ ಕವರ್ ತಾವೇ ಮಡಿಸಿಕೊಂಡರು. ಮುಖ ನೋಡಿಯೇ ಗೊತ್ತಾಗಿರಬೇಕು.

ಮಾರ್ಚ್ 6, ಶುಕ್ರವಾರ. 12.05, ಭಾವನ ಅಂಗಡಿ

ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಬೇರೆ ಕುರ್ಚಿ ಕೊಡಲಿಲ್ಲ. ಎದುರು ಗೋಡೆಯ ಮೇಲೆ ಅಕ್ಷರಗಳ ಬೋರ್ಡು, ಕೊನೆಯ ಸಾಲು ನನಗೆ ಕಾಣುತ್ತಿಲ್ಲ.

ಒಳಗೆ ಬಂದಾಗ ಒಬ್ಬ ಮುದುಕಿಗೆ ಫ್ರೇಮ್ ಹಾಕಿ ನೋಡುತ್ತಿದ್ದರು. ಆಕೆ ಹೋಗುವವರೆಗೂ ನನ್ನ ಕಡೆ ತಿರುಗಲಿಲ್ಲ.

"ಭಾವ, ವಿಳಾಸ ಕೊಡಿ. ಈಗಲೇ, ನಿಮ್ಮ ಮುಂದೆಯೇ ಕಳಿಸ್ತೀನಿ. 247ರ ಪ್ರಕಾರ ನಿಮ್ಮ ಪಾಲು, ಒಂದು ಪೈಸೆ ಕಮ್ಮಿ ಇಲ್ಲ."

"ಮೊದಲು ಕಟ್ಟಿಹಾಕ್ತೀನಿ ಅಂದೆ. ಈಗ ಕಳಿಸ್ತೀನಿ ಅಂತೀಯ. ಯಾವುದನ್ನ ನಂಬ್ಲಿ?"

"ನನ್ನನ್ನ ನಂಬೋದೇ ಬೇಡ. ಬ್ಲಾಕ್ ನೋಡಿ. ಮೂರು ಬ್ಲಾಕ್ ಆದ್ರೆ ಗಟ್ಟಿ, ಯಾರೂ ಅಲ್ಲಾಡಿಸೋಕಾಗಲ್ಲ."

ಫೋನ್ ತೆಗೆದು ವಿಳಾಸದ ಕೋಡ್ ತೋರಿಸಿದರು. ಕಳಿಸಿದೆ. "ಮೂರೂ ಆಗೋವರೆಗೆ ಇಲ್ಲೇ ಕೂತ್ಕೊ" ಅಂದರು. ಸಾಲ ವಸೂಲಿಗೆ ಬಂದವರ ದನಿ. ಕೂತಿದ್ದೇನೆ.

12.31

ಬ್ಲಾಕ್ ಇಲ್ಲ. ಇವತ್ತೇ ಇದಕ್ಕೆ ಸೋಮಾರಿತನ! ಭಾವ ಲೆನ್ಸ್ ಒರೆಸುತ್ತಿದ್ದಾರೆ. ಅದೇ ಲೆನ್ಸನ್ನು ನಾಲ್ಕನೆಯ ಸಲ.

12.44

ಒಂದು ಬಂತು. ಭಾವ ಎದ್ದು ಬಂದು ನನ್ನ ಹೆಗಲ ಹಿಂದಿನಿಂದ ನೋಡಿದರು.

"ಇದು ಮೊನ್ನೆಯ ಹಾಗೆ ಬಿದ್ದುಹೋದ್ರೆ?"

"ಇನ್ನೊಂದರಲ್ಲಿ ಬರುತ್ತೆ. ಅದಕ್ಕೇ ಮೂರು ಕಾಯೋದು."

"ಹೂಂ. ಬೀಳೋದು ಎಷ್ಟನೇದರವರೆಗೆ?" ಹೇಳಿದೆ. ಮೇಲೆ ಎರಡು ಕೂತರೆ ಕೆಳಗಿನದು ಬೀಳುವುದು ಅಪರೂಪ, ಅಂತ. ಬಿಡಿಸಿ ತೋರಿಸು ಅಂದರು. ಬಿಲ್ಲಿನ ಹಿಂದೆ ಡಬ್ಬಿ ಬರೆದು ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು.

12.58

"ಎರಡು!" ಈ ಸಲ ಮೊದಲು ನೋಡಿದ್ದು ಅವರೇ.

1.10

ಮೂರನೆಯದರ ಸುಳಿವಿಲ್ಲ. ಅಕ್ಕನ ಫೋನ್ ಬಂತು, ಅವರಿಗೆ. "ಹೂಂ, ಇಲ್ಲೇ ಇದಾಳೆ. ಇಲ್ಲ, ತಿಂದಿಲ್ಲ. ಕರ್ಕೊಂಡು ಬರ್ತೀನಿ." ಇಟ್ಟರು. ದೀಪ ಒಂದೊಂದಾಗಿ ಆರಿಸುತ್ತಿದ್ದಾರೆ.

"ಏಳು, ಊಟಕ್ಕೆ ಹೋಗೋಣ."

"ಇನ್ನೂ ಒಂದು ಬಾಕಿ ಇದೆ ಭಾವ."

"ಅದು ಬರುತ್ತೆ. ನೀನು ಬಾ."

ಅಳು ಬರುತ್ತಿದೆ, ಬರೆಯುವ ನೆಪದಲ್ಲಿ ತಲೆ ತಗ್ಗಿಸಿ ಕೂತಿದ್ದೇನೆ. ಶಟರ್ ಅರ್ಧ ಎಳೆದು ಹಿಡಿದು ನಿಂತಿದ್ದಾರೆ, ಕೈ ನೋಯುತ್ತೆ ಬೇಗ ಬಾರೇ, ಆ ಪುಸ್ತಕ ಆಮೇಲೆ ಬರ್ಕೊಳ್ಳುವಿಯಂತೆ, ನಿಮ್ಮಕ್ಕ ಆಗಲೇ ತಟ್ಟೆ