ಗುಳಿ ಬಿದ್ದ ಗದ್ದ

ಮಾರ್ಚ್ 3, ಬೆಳಿಗ್ಗೆ

ಮತ್ತೆ ತಂತಿಗಳ ಕಾಡು. ಕಂಪ್ಯೂಟರಿನ ತುಂಬ ಪೆಟ್ಟಿಗೆಗಳು, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಸಿರು, ಕೆಂಪು, ಹಳದಿ ಗೆರೆಗಳು. ಕಾಣೆಯಾದ ಮಕ್ಕಳನ್ನು ಹುಡುಕುವ ನಮ್ಮ ಕಚೇರಿಯ ಚಿತ್ರಗಾರ್ತಿ ಹೆಣೆದ ವರ್ಕ್‌ಫ್ಲೋ. ಒಂದು ಪೆಟ್ಟಿಗೆ ಕಾಣೆಯಾದ ಮಗುವಿನ ಹಳೆಯ ಫೋಟೋ ನುಂಗುತ್ತದೆ, ಇನ್ನೊಂದು ವಯಸ್ಸು ಕೇಳುತ್ತದೆ, ಎಲ್ಲೆಲ್ಲೋ ಸುತ್ತಿ ಬಳಸಿ ಕೊನೆಯ ಪೆಟ್ಟಿಗೆಯಲ್ಲಿ ಎಐ ಒಂದು ಮುಖ ಬರೆದುಕೊಡುತ್ತದೆ — ಆ ಮಗು ಇಂದು ಹೀಗಿರಬಹುದು ಎಂಬ ಮುಖ. ಊರಿನ ಗೋಡೆಗಳಿಗೆ ಅಂಟಿಸುವ ಪ್ರಕಟಣೆಯಲ್ಲಿ ಬರುವುದು ಅದೇ.

ನನ್ನ ಪಾಲಿನ ಪಾತ್ರ: ಈ ಜಾಲವನ್ನೆಲ್ಲ ಕೋಡಿಗೆ ಇಳಿಸುವುದು. ಒಂದೇ ಸ್ಕ್ರಿಪ್ಟ್. ಒಂದು ಆಜ್ಞೆ ಕೊಟ್ಟರೆ ಬಾಕಿ ಉಳಿದ ಮುಖಗಳೆಲ್ಲ ಸಾಲಾಗಿ ರಂಗಪ್ರವೇಶ ಮಾಡಬೇಕು! ಚಿತ್ರಗಾರ್ತಿಗೆ ಕಣ್ಣಿನ ಆಪರೇಷನ್. ಎರಡು ತಿಂಗಳು ಯಾವ ಪರದೆಯನ್ನೂ ನೋಡಕೂಡದೆಂದು ಡಾಕ್ಟರ ಕಟ್ಟಪ್ಪಣೆ. ಅದೆಂಥ ಬದುಕೋ. ನಾನು ಹುಟ್ಟಿದ್ದೇ ಪರದೆಯ ಹಿಂದೆ — ಅಪ್ಪನ ನಾಟಕ ಕಂಪನಿಯಲ್ಲಿ, ಎರಡನೆಯ ಅಂಕಕ್ಕೂ ಮೂರನೆಯದಕ್ಕೂ ನಡುವೆ.

ಮಾರ್ಚ್ 6

ಅರ್ಧ ಇಳಿಯಿತು. ಕೊನೆಯಿಂದ ಮೊದಲಿಗೆ ಓದುತ್ತಿದ್ದೇನೆ: ಕೊನೆಯ ಮುಖಕ್ಕೆ ಬಣ್ಣ ಹಚ್ಚಿದವರು ಯಾರು, ಅವರ ಕೈಗೆ ಬಣ್ಣ ಕೊಟ್ಟವರು ಯಾರು, ಹೀಗೆ. ಪೆಟ್ಟಿಗೆಗೊಂದು ಸಾಲು ಕೋಡ್. ಮಗುವಿನ ಫೋಟೋ, ವಯಸ್ಸು — ಇವೆರಡು ಕೇಸಿನಿಂದ ಕೇಸಿಗೆ ಬದಲಾಗುವಂಥವು. ಉಳಿದದ್ದೆಲ್ಲ ಅವಳು ಇಟ್ಟಂತೆಯೇ ಇಟ್ಟೆ. ಬಲ್ಲವರು ಹಾಕಿದ ಹೆಜ್ಜೆ, ಕೈ ಹಾಕಬಾರದು.

ಊಟದ ಹೊತ್ತಿಗೆ ಹೆಂಡತಿಗೆ ಎದ್ದು ನಿಂತು ವಿವರಿಸಿದೆ.

"ಕೂತ್ಕೊಂಡು ಹೇಳ್ರೀ. ಪಕ್ಕದ ಮನೆಯೋರು ಟಿಕೆಟ್ ತಗೊಂಡಿಲ್ಲ," ಎಂದಳು.

ಮಾರ್ಚ್ 11, ಮಧ್ಯಾಹ್ನ

ಓಡಿತು! ಎಲ್ಲೂ ಎಡವಲಿಲ್ಲ. ಸ್ಕ್ರಿಪ್ಟ್ ಓಡುವ ಕಪ್ಪು ಕಿಟಕಿಯಲ್ಲಿ ಸಾಲುಸಾಲಾಗಿ — ಮುಗಿಯಿತು, ಮುಗಿಯಿತು, ಮುಗಿಯಿತು. ಚಿತ್ರಗಾರ್ತಿ ಒಂದು ಮುಖದ ಮುಂದೆ ಇಡೀ ದಿನ ಕೂರುತ್ತಿದ್ದಳು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಒಂದು ದಂಡೇ ಎದ್ದು ನಿಂತಿತ್ತು. ದೊಡ್ಡವರು — ಕಚೇರಿಯ ಮುಖ್ಯಸ್ಥರು, ಸಂತೋಷವನ್ನೂ ಅರ್ಜಿಯಲ್ಲಿ ಬರೆದುಕೊಡಿ ಎನ್ನುವ ಪೈಕಿ — ಬೆನ್ನು ತಟ್ಟಿದರು. ಸಂಜೆಯೊಳಗೆ ಎಲ್ಲವೂ ಪ್ರಿಂಟಿಗೆ.

ಮಾರ್ಚ್ 13

ಕಂಡಕ್ಟರಮ್ಮ ಬಂದಿದ್ದಳು. ಸಿಟಿ ಬಸ್ಸಿನಲ್ಲಿ ಟಿಕೆಟ್ ಕೊಡುವವಳು, ಯೂನಿಫಾರ್ಮಿನಲ್ಲೇ ಓಡಿ ಬಂದಿದ್ದಳು. ಅವಳ ತಮ್ಮ, ಏಳು ವರ್ಷದವನಿದ್ದಾಗ ಜನಜಂಗುಳಿಯಲ್ಲಿ ಅವಳ ಕೈ ತಪ್ಪಿ ಹೋದವನು. ಈಗಿದ್ದರೆ ಹತ್ತೊಂಬತ್ತು. ಚಿತ್ರ ಕೊಟ್ಟೆ. ನೋಡಿದಳು, ನೋಡಿದಳು. ಮುಖ ಅರಳಲಿಲ್ಲ.

"ಕಣ್ಣು ಅವನ್ದೇ ಸಾರ್. ಆದ್ರೆ ಈ ಗದ್ದ... ಮಧ್ಯದಲ್ಲಿ ಗುಳಿ ಇದೆಯಲ್ಲ. ನಮ್ಮ ಮನೇಲಿ ಯಾರಿಗೂ ಇಲ್ಲ."

ಆಗ ಎದ್ದೆ. ಏಳಲೇಬೇಕಾದ ಘಟ್ಟ.

"ಅಮ್ಮಾ! ಹನ್ನೆರಡು ವರ್ಷ! ಕಾಲ ಅನ್ನೋನು ಎಂಥಾ ಮೇಕಪ್ ಮಾಡೋನು ಗೊತ್ತಾ? ಹುಡುಗನ್ನ ಕರ್ಕೊಂಡು ಒಳಗೆ ಹೋಗ್ತಾನೆ, ಗಂಡಸನ್ನ ಆಚೆ ಕಳಿಸ್ತಾನೆ! ನೀವು ಇನ್ನೂ ಆ ಏಳು ವರ್ಷದ ಮಗೂನೇ ಹಿಡ್ಕೊಂಡಿದೀರಿ. ಬಿಟ್ಬಿಡಿ ಅವನನ್ನ. ಇವನನ್ನ ನೋಡಿ!"

ಪಕ್ಕದ ಕೋಣೆಯ ಟೈಪಿಂಗ್ ನಿಂತಿತು. ಅವಳ ಕಣ್ಣು ತುಂಬಿತು. ಚಿತ್ರದ ಗದ್ದದ ಮೇಲೆ ಬೆರಳಾಡಿಸಿ, "ಹೌದೇನೋ ಸಾರ್. ದೊಡ್ಡೋನಾಗಿದಾನೆ," ಎಂದಳು.

ಸಾರ್ಥಕವಾದ ದಿನ.

ಏಪ್ರಿಲ್ 4

ಬರೆಯಲು ಪುರುಸೊತ್ತಿಲ್ಲ. ಸ್ಕ್ರಿಪ್ಟ್ ಓಡುತ್ತಲೇ ಇದೆ. ಬೆಳಿಗ್ಗೆ ಕಂಡಕ್ಟರಮ್ಮನ ಫೋನ್.

"ಸಾರ್, ಈಗ ಹತ್ತೋರ ಗದ್ದ ನೋಡ್ತೀನಿ, ಆಮೇಲೆ ಟಿಕೆಟ್. ಡ್ರೈವರಣ್ಣ ಬೈತಾನೆ, ಕಂಡಕ್ಟರ್ ಕೆಲಸ ಮಾಡ್ತೀಯೋ ವರ ಹುಡುಕ್ತೀಯೋ ಅಂತ."

ನಕ್ಕಳು. ಗಡ್ಡ ಬಿಟ್ಟವರನ್ನು ಎರಡೆರಡು ಸಲ ನೋಡುತ್ತಾಳಂತೆ. ಗುಳಿಯಿಲ್ಲದವರ ಮುಖ ಈಗೀಗ ನೆನಪೇ ಉಳಿಯುವುದಿಲ್ಲವಂತೆ.

ಏಪ್ರಿಲ್ 17, ಬೆಳಿಗ್ಗೆ

ಕೆಲಸ ಬಿಟ್ಟು ಕೂತಿದ್ದೇನೆ. ಬರೆದು ಬಿಡಬೇಕು.

ಬಂದವರೆಲ್ಲ ಒಮ್ಮೆಗೇ ನೋಡಲಿ ಎಂದು ದೊಡ್ಡವರು ಗೋಡೆಗೆ ಹೊಸ ಬೋರ್ಡ್ ಹಾಕಿಸಿದ್ದಾರೆ. ಮುಖಗಳನ್ನು ಪಿನ್ನು ಚುಚ್ಚಿ ಚುಚ್ಚಿ ನಿಲ್ಲಿಸಿದೆ. ಸೀನ್ ಹೇಗೆ ಬಂದಿದೆ ನೋಡೋಣ ಎಂದು ಹಿಂದಕ್ಕೆ ಸರಿದೆ.

ಎಲ್ಲರ ಗದ್ದದಲ್ಲೂ ಗುಳಿ.

ಗಂಡುಮಕ್ಕಳಿಗೆ. ಹೆಣ್ಣುಮಕ್ಕಳಿಗೆ. ಹದಿನಾರರ ಹುಡುಗಿಯೊಬ್ಬಳಿಗೆ ಯಾವುದೋ ಮುದುಕನ ದವಡೆ. ಇಷ್ಟು ದಿನ ನಾನು ನೋಡಿದ್ದು ಕಪ್ಪು ಕಿಟಕಿಯ ಸಾಲುಗಳನ್ನು. ಮುಗಿಯಿತು, ಮುಗಿಯಿತು. ಮುಖಗಳನ್ನಲ್ಲ.

ಅದೇ ದಿನ, 11 ಗಂಟೆ

ಚಿತ್ರಗಾರ್ತಿಗೆ ಫೋನ್ ಮಾಡಿದೆ.

"ಎಡಗಡೆ ಮೂಲೇಲಿ ಒಂದು ಪುಟ್ಟ ಪೆಟ್ಟಿಗೆ ಇದೆ, ಮಡಚಿಟ್ಟಿದೀನಿ," ಎಂದಳು. "ಅದಕ್ಕೇನು ಮಾಡಿದ್ರಿ?"

"ನೀವು ಇಟ್ಟಂಗೇ ಇಟ್ಟೆ."

"ಅದು ಮನೆಯೋರ ಫೋಟೋ ಹಾಕೋ ಜಾಗ ಅಣ್ಣಾ. ಅಪ್ಪಂದೋ, ಅಕ್ಕಂದೋ. ಒಂದೊಂದು ಮಗೂಗೂ ನಾನೇ ಕೈಯಾರೆ ಬದಲಾಯಿಸ್ತೀನಿ. ದವಡೆ, ಗದ್ದ ಎಲ್ಲಾ ಅಲ್ಲಿಂದಾನೇ ಬರೋದು."

"ಈಗ ಅದರೊಳಗೆ ಇರೋದು ಯಾರು?"

"ನಮ್ಮಪ್ಪ. ರಜೆ ಹಾಕೋ ಮುಂಚೆ ಸುಮ್ನೆ ಟೆಸ್ಟ್ ಮಾಡಿದ್ದೆ."

"ನಿಮ್ಮಪ್ಪ ಈಗ ಊರಿನ ಗೋಡೆಗೋಡೆ ಮೇಲೂ ಕಾಣೆಯಾಗಿದಾರೆ ಕಣಮ್ಮಾ."

ಅವಳು ನಗಲಿಲ್ಲ. ನಾನೂ.

ಕೇಸಿನ ಫೈಲುಗಳಲ್ಲಿ ಮನೆಯವರ ಫೋಟೋಗಳು ಇದ್ದೇ ಇದ್ದವು. ಗುರುತಿಗೆ ಲಗತ್ತಿಸಿದ್ದು ಎಂದುಕೊಂಡಿದ್ದೆ. ಅವಳ ಕೈಯ ಆ ಒಂದು ಕೆಲಸ ಯಾವ ತಂತಿಯಲ್ಲೂ ಇರಲಿಲ್ಲ. ಕೇಳಬಹುದಿತ್ತು. ಪಟ್ಟಿ ಕಟ್ಟಿದ್ದು ಅವಳ ಕಣ್ಣಿಗೆ, ಬಾಯಿಗಲ್ಲ.

ಏಪ್ರಿಲ್ 18

ದೊಡ್ಡವರ ಕೋಣೆ. ಬಾಗಿಲು ತಾವೇ ಹಾಕಿದರು.

"ತಪ್ಪು ಅನ್ನೋ ಪದ ಎಲ್ಲೂ ಬೇಡ. ಪರಿಷ್ಕೃತ ಚಿತ್ರ ಅಂತ ಕಳಿಸಿ. ಯಾರಿಗೂ ಗೊತ್ತಾಗಲ್ಲ."

"ಈ ಮುಖ ಹಿಡ್ಕೊಂಡು ಜನ ಹುಡುಕ್ತಿದಾರೆ ಸಾರ್!"

"ಮೆಲ್ಲಗೆ, ಮಾರಾಯ್ರೆ. ನೀವು ಗುಟ್ಟು ಹೇಳಿದ್ರೂ ಬೀದಿಗೆ ಕೇಳುತ್ತೆ."

ಸ್ಕ್ರಿಪ್ಟ್ ತಿದ್ದಿದೆ. ಒಂದೆರಡು ಸಾಲಿನ ಕೆಲಸ, ಅಷ್ಟೇ... ಅಷ್ಟೇ! ಈ ಸಲ ಒಂದೊಂದಾಗಿ ಓಡಿಸಿದೆ, ಒಂದೊಂದರ ಮುಂದೆಯೂ ಕೂತೆ. ಕಂಡಕ್ಟರಮ್ಮನ ತಮ್ಮನಿಗೆ ಅಕ್ಕನ ಫೋಟೋ ಕೊಟ್ಟೆ. ಚೂಪು ಗದ್ದ, ತೆಳು ದವಡೆ. ಬೇರೆಯೇ ಮನುಷ್ಯ.

ಹೆಂಡತಿಗೆ ಹೇಳಿದೆ. ಕೂತೇ ಹೇಳಿದೆ.

"ಉಳಿದೋರಿಗೆ ಕಾಗದ ಬರೀರಿ, ತಪ್ಪು ಅಂತಾನೇ ಬರೀರಿ. ಆ ಕಂಡಕ್ಟರ್ ಹುಡುಗಿಗೆ ಮಾತ್ರ ನೀವೇ ಹೋಗಿ ಹೇಳ್ಬೇಕು. ಅವಳು ಗದ್ದ ಸರಿಯಿಲ್ಲ ಅಂದ್ಲು. ನೀವು ಡೈಲಾಗ್ ಹೊಡೆದ್ರಿ."

ಏಪ್ರಿಲ್ 19

ತಪ್ಪು ಎಂದೇ ಬರೆದ ಕಾಗದಗಳು ಹೋದವು. ನಾನು ಹೋಗಲಿಲ್ಲ.

ಏಪ್ರಿಲ್ 20

ಬಸ್ ಡಿಪೋ ಗೇಟಿನವರೆಗೆ ಹೋದೆ. ಅವಳು ಯಾರ ಜೊತೆಗೋ ನಗುತ್ತಿದ್ದಳು. ವಾಪಸ್.

ಏಪ್ರಿಲ್ 21, ಸಂಜೆ

ಹೇಳಿದೆ. ನಿಂತ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಕೂತು ಕೇಳಿದಳು.

"ಹಾಗಾದ್ರೆ ಗದ್ದ ಅವನದಲ್ಲ ಅಂತ ನಾನಂದಿದ್ದು ಸರಿ ಇತ್ತು."

"ಸರಿ ಇತ್ತಮ್ಮ."

"ಮತ್ತೆ ನೀವು ಅಷ್ಟು ಜೋರಾಗಿ..." ಆಮೇಲೆ ಕೈ ಚಾಚಿದಳು. "ಸರಿಯಾದ್ದು ಎಲ್ಲಿ? ತೋರ್ಸಿ."

ಫೋನ್ ಕೊಟ್ಟೆ. ಬಣ್ಣ ಒರೆಸಿದಂತೆ ಅವಳ ಮುಖ ಬಿಳಿಚಿತು.

"ಈ ಹುಡುಗ ನನ್ನ ಬಸ್ಸಿಗೆ ಬರ್ತಾನೆ ಸಾರ್. ಬೆಳಿಗ್ಗೆ ಟ್ರಿಪ್ಪಿಗೆ, ಸೇತುವೆ ಸ್ಟಾಪಲ್ಲಿ. ಟಿಕೆಟ್ ಇಸ್ಕೊಂಡ್ಮೇಲೂ ನನ್ನೇ ನೋಡ್ತಾ ನಿಂತಿರ್ತಿದ್ದ. ಒಂದಿನ 'ಅಕ್ಕಾ, ಒಂದು ಮಾತು' ಅಂದ. ನಾನು ಅವನ ಗದ್ದ ನೋಡಿದೆ. 'ಮುಂದೆ ಹೋಗಪ್ಪಾ, ದಾರಿ ಬಿಡು' ಅಂದ್ಬಿಟ್ಟೆ. ಆವತ್ತಿಂದ ಹಿಂದಿನ ಬಾಗಿಲಲ್ಲೇ ಹತ್ತೋದು, ತಲೆ ಎತ್ತಲ್ಲ." ನನ್ನ ತೋಳು ಹಿಡಿದಳು. "ಇವನೇ ಅಲ್ವಾ ಸಾರ್? ಹೇಳಿ. ಈ ಸಲ ಸರಿ ತಾನೆ?"

ನಾಟಕದ ಮಾತು ನಾಲಿಗೆಯ ಮೇಲೆ ಸಾಲುಗಟ್ಟಿ ನಿಂತಿತ್ತು. ರಕ್ತಸಂಬಂಧದ ಕೂಗು, ಹನ್ನೆರಡು ವರ್ಷದ ಕತ್ತಲು — ಎಲ್ಲ ಸಿದ್ಧ. ಆದರೆ ಗುಳಿಯಿಲ್ಲದ ಮುಖ ನೆನಪೇ ಉಳಿಯುವುದಿಲ್ಲ ಎಂದವಳು ಇವಳೇ. ಆ ಹುಡುಗನನ್ನು ಇವಳು ಕಂಡದ್ದು ಬಸ್ಸಿನಲ್ಲೋ, ಈಗಷ್ಟೇ ನನ್ನ ಫೋನಿನಲ್ಲೋ?

"ಗೊತ್ತಿಲ್ಲಮ್ಮ," ಎಂದೆ. "ಇದೂ ಊಹೆಯೇ. ಹೋದ ಸಲಕ್ಕಿಂತ ಒಳ್ಳೆ ಊಹೆ, ಅಷ್ಟೇ. ನನಗೆ ಗೊತ್ತಿಲ್ಲ."

ತೋಳು ಬಿಟ್ಟಳು.

"ನಾಳೆ ಬೆಳಿಗ್ಗೆ ಟ್ರಿಪ್ಪಿಗೆ ಬನ್ನಿ. ಅಷ್ಟಾದ್ರೂ ಮಾಡಿ."

ಏಪ್ರಿಲ್ 22, ಬೆಳಿಗ್ಗೆ, ಬಸ್ಸಿನಲ್ಲಿ

ಹಿಂದಿನ ಬಾಗಿಲ ಪಕ್ಕದ ಸೀಟು. ಅಕ್ಷರ ಕುಣಿಯುತ್ತಿದೆ. ಹತ್ತುವಾಗಲೇ ಚಿತ್ರ ತೋರಿಸಲು ಹೋದೆ, ಅವಳು ಕೈ ಅಡ್ಡ ಹಿಡಿದಳು. "ಅದು ನಿಮ್ಮ ಜೇಬಲ್ಲೇ ಇರ್ಲಿ ಸಾರ್. ನಾನು ಮನುಷ್ಯನ್ನ ನೋಡ್ಬೇಕು." ನನಗೂ ಟಿಕೆಟ್ ಹರಿದು ಕೊಟ್ಟಳು. ಬೇಡ ಎನ್ನಲಿಲ್ಲ.

ಡ್ರೈವರಣ್ಣನಿಗೆ ವಿಷಯ ಗೊತ್ತು. ಎಂದಿನಂತೆ ಹಾರ್ನ್ ಹೊಡೆಯುತ್ತಿಲ್ಲ.

ಸೇತುವೆ ಬಂತು. ನಿಂತಿತು. ಶಾಲೆಯ ಮಕ್ಕಳು, ಒಬ್ಬ ಅಜ್ಜಿ, ಟಿಫನ್ ಕ್ಯಾರಿಯರ್ ಹಿಡಿದ ಇಬ್ಬರು. ಅವರ ಹಿಂದೆ ಒಬ್ಬ, ತಲೆ ತಗ್ಗಿಸಿಕೊಂಡು. ಇಲ್ಲಿಂದ ಮುಖ ಕಾಣದು. ಕಂಡರೂ ನನಗೇನು ತಿಳಿದೀತು.

ಅವಳು ಜನರ ನಡುವೆ ದಾರಿ ಮಾಡಿಕೊಂಡು ಹಿಂದಕ್ಕೆ ಬರುತ್ತಿದ್ದಾಳೆ. ಅವನ ಎದುರು ನಿಂತಳು. "ಎಲ್ಲಿಗೆ?" ಎಂದಳು. ದಿನವೂ ಎಲ್ಲರಿಗೂ ಕೇಳುವ ಮಾತೇ. ಆದರೆ ಟಿಕೆಟ್ ಯಂತ್ರದ ಮೇಲೆ ಬೆರಳಿಲ್ಲ, ಗದ್ದದ ಕಡೆ ಕಣ್ಣಿಲ್ಲ. ಅವನು ನಿಧಾನವಾಗಿ ತಲೆ ಎತ್ತುತ್ತಿದ್ದಾನೆ. ಪೆನ್ನು ಮುಚ್ಚುತ್ತೇನೆ, ನಾನೂ ಮನುಷ್ಯನನ್ನು ನೋಡಬೇಕು.