ಸೀರಿಯಲ್ಲಿನಲ್ಲಿ ಇಲ್ಲದ ಕುರಿ

ತಾಂಡೂರು
೨೭-೯-೨೦೨೪

ಹಟ್ಟಿಯ ಕಥೆಗಾರರಿಗೆ ನಿಮ್ಮ ಮನಿಷಾಳ ನಮಸ್ಕಾರ.

ಹೆಂಡತಿ ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಬರೆದಳು ಎಂದುಕೊಳ್ಳುತ್ತೀರಿ. ಫೋನ್ ಮಾಡಿದರೆ ಊಟ ಆಯಿತೇ, ಮಳೆ ಬಂತೇ ಎಂಬಲ್ಲಿಗೆ ನಿಮ್ಮ ಮಾತು ಮುಗಿಯುತ್ತದೆ. ನಾನು ಬಂದಾಗಿನಿಂದ ಇದೇ ನಡೆದಿದೆ. ಆತ್ಮಾರಾಮ ಕಾಕಾ ಮಗಳ ಮನೆಗೆಂದು ತಾಂಡೂರಿಗೆ ಬಂದವರು, ನಿಮ್ಮ ಅವ್ವ ರೊಟ್ಟಿಗೆಂದು ಕಳಿಸಿದ ಶೇಂಗಾ ಹಿಂಡಿ ಕೊಡಲು ನಮ್ಮ ಹಾಸ್ಟೆಲ್ಲಿಗೂ ಬಂದಿದ್ದಾರೆ. ನಾಳೆ ನಮ್ಮೂರು ನಾಗಲಗಿದ್ದಕ್ಕೆ ಹೊರಡುತ್ತಾರೆ. ಈ ಕಾಗದ ಅವರ ಕೈಯಲ್ಲೇ ಬರುತ್ತದೆ.

ಮೊದಲು ನಮ್ಮ ಸೀರಿಯಲ್ಲಿನ ಹಾರುವ ಹುಡುಗಿಯ ಸುದ್ದಿ. ಇಲ್ಲಿಯ ಹುಡುಗಿಯರಿಗೂ ಆ ಸೀರಿಯಲ್ಲಿನ ಹುಚ್ಚು. ನಾವಿಬ್ಬರೂ ನನ್ನ ಫೋನಿನಲ್ಲಿ ಆರು ಕಂತು ನೋಡಿದ್ದೆವಲ್ಲ, ಲೋಕ ಕಾಯಲು ಆಕೆ ಒಂದೊಂದು ಸಲ ಹಾರಿದಾಗಲೂ ಅವಳ ಹತ್ತಿರದವರೊಬ್ಬರು ಅವಳನ್ನು ಮರೆತುಬಿಡುತ್ತಿದ್ದರು. ಏಳನೆಯ ಕಂತಿನಲ್ಲಿ ಆಕೆ ಒಮ್ಮೆಯೂ ಕಾಣಿಸುವುದಿಲ್ಲ. ಕಾಣುವವಳು ಅವಳ ತಾಯಿ ಮಾತ್ರ. ಆ ತಾಯಿ ಊಟಕ್ಕೆ ಎರಡು ತಾಟು ಇಡುತ್ತಾಳೆ, ಎರಡನೆಯದು ಯಾರಿಗೆಂದು ತಿಳಿಯದೆ ಅದನ್ನೇ ನೋಡುತ್ತ ನಿಲ್ಲುತ್ತಾಳೆ. ಮೇಲೆ ಆಕಾಶದಲ್ಲಿ ಯುದ್ಧ ನಡೆದಿದೆ. ನಮಗೆ ಕೇಳುವುದು ಕಿಟಕಿ ಅದುರುವ ಸದ್ದಷ್ಟೇ. ಹಾರುವವಳನ್ನು ತೋರಿಸದೆಯೇ ಅವಳ ಕಥೆ ಹೇಳಬಹುದೆಂದು ಯಾವ ಪುಣ್ಯಾತ್ಮರಿಗೆ ಹೊಳೆಯಿತೋ.

ಊಟದ ಹೊತ್ತಿಗೆ ಇದೇ ಜಗಳ. ಬೊಮ್ರಾಸಪೇಟಿನ ಶಿಲ್ಪಾರಾಣಿ ಮುನಿಸಿಕೊಂಡು, "ಇದೆಂಥಾ ಮೋಸರಿ ಮೇಡಂ, ಒಂದು ಫೈಟ್ ಸೈತ ತೋರಿಸಿಲ್ಲ" ಎಂದಳು. ಧಮ್ಮಶೀಲಾ ಎಂಬ ಮೌನಿ ಹುಡುಗಿ ತಲೆ ಎತ್ತದೆ, "ಆ ಖಾಲಿ ತಾಟೇ ಫೈಟ್ ಅದ" ಎಂದಳು. ಆಮೇಲೆ ನನಗೆ ಅನ್ನ ಸೇರಲಿಲ್ಲ. ನಿಮ್ಮ ಅವ್ವ ನನ್ನ ತಾಟನ್ನು ಎಲ್ಲಿಟ್ಟಿರಬಹುದು ಎಂದು ಯೋಚಿಸುತ್ತಿದ್ದೆ.

ಇನ್ನು ನಮ್ಮ ಜಗಳಕ್ಕೆ ಬರುತ್ತೇನೆ. ನನ್ನ ಪುಟ್ಟ ಫೋನು ಎಲ್ಲರಿಗೂ ಕಾಣದೆಂದು, ನೋಡಿದ್ದನ್ನು ನೀವು ಸಂಜೆ ಹಟ್ಟಿಯವರಿಗೆಲ್ಲ ಹೇಳುತ್ತಿದ್ದಿರಿ. ಹೇಳುತ್ತ ಹೇಳುತ್ತ ಆ ಹುಡುಗಿಗೆ ಒಂದು ಕುರಿ ಸಾಕಿಸಿಬಿಟ್ಟಿರಿ. ಸೀರಿಯಲ್ಲಿನಲ್ಲಿ ಇಲ್ಲದ ಕುರಿಯನ್ನು ಯಾಕೆ ತುರುಕುತ್ತೀರಿ ಎಂದು ನಾನು ಎಲ್ಲರೆದುರು ಕೇಳಿದೆ. "ಕುರಿ ಇಲ್ಲದ ಲೋಕ ಉಳಿಸಿ ಆಕಿ ಏನ್ ಮಾಡಾಕಿ" ಎಂದಿರಿ. ಎಲ್ಲರೂ ನಕ್ಕರು, ನಾನು ನಗಲಿಲ್ಲ. ಮರುವಾರ ವಾರ್ಡನ್ ನೌಕರಿ ಹಿಡಿದು ಬಸ್ಸು ಹತ್ತಿದೆ. ನಮ್ಮ ಜಗಳ ಈ ನೌಕರಿಯದ್ದೆಂದು ಇಬ್ಬರಿಗೂ ಗೊತ್ತಿತ್ತು, ಪಾಪ, ಕುರಿಯ ತಲೆಗೆ ಕಟ್ಟಿದೆವು.

ನಾನು ಬಂದ ಮೇಲೆ ನೀವು ಕಥೆ ಮುಗಿಸಿ ಬೇರೆ ಕೆಲಸ ನೋಡಿಕೊಂಡಿರುತ್ತೀರಿ ಎಂದುಕೊಂಡಿದ್ದೆ. ಇವತ್ತು ಕಾಕಾ ಚಹಾ ಕುಡಿಯುತ್ತ, "ಬಂಡೆಪ್ಪ ಇನ್ನಾ ಕಥಿ ಮುಗಿಸಿಲ್ಲವ್ವಾ. ದಿನಾ ಒಂದು ಹೊಸಾದು ಹೇಳ್ತಾನ" ಎಂದರು. ನನಗೆ ಅರ್ಥವಾಗಲಿಲ್ಲ. ಆಗ ಅವರೇ ನಿಮ್ಮ ಹಟ್ಟಿಯ ರಿವಾಜು ನೆನಪಿಸಿದರು: ಕಥೆ ಶುರುವಾದಾಗ ಕೂತು ಕೇಳಿದವರಲ್ಲಿ ಒಬ್ಬರು ಊರಲ್ಲಿ ಇಲ್ಲದಿದ್ದರೂ ಕಥೆ ಮುಗಿಸುವಂತಿಲ್ಲ, ಅವರು ಬರುವವರೆಗೆ ಬೆಳೆಸಬೇಕು.

ನಿಮ್ಮ ಕಥೆಯಲ್ಲಿ ಆ ಹುಡುಗಿ ಈಗ ತಾಂಡೂರಿನ ಕಡೆ ಹಾರಿದ್ದಾಳಂತೆ. ಊರೆಲ್ಲ ಅವಳನ್ನು ಮರೆತಿದೆಯಂತೆ. ಅವಳು ಬಾಟಲಿ ಹಾಲು ಕುಡಿಸಿ ಬೆಳೆಸಿದ ಕುರಿ ಮಾತ್ರ, ಅದಕ್ಕೂ ನಮ್ಮ ಕರಿಮೂತಿಯ ಹೆಸರೇ, ಸಂಜೆಯಾದರೆ ಬಸ್ಸಿನ ದಾರಿ ನೋಡಿ ಕೂಗುತ್ತದಂತೆ. ನಿಮ್ಮ ಅವ್ವ ದಿನಾ "ಬಂದಳೇನೋ?" ಎಂದು ಕೇಳುತ್ತಾರಂತೆ, ನೀವು "ಬರ್ತಾಳ, ನಾಳೆ ಹೇಳ್ತೀನಿ" ಎನ್ನುತ್ತೀರಂತೆ. ಏಳನೆಯ ಕಂತು ಬರೆದವರನ್ನು ನಾನು ಇಷ್ಟು ಹೊಗಳಿದೆ. ಫೋನಿನಲ್ಲಿ ಏನೂ ನೋಡದೆ, ಕುರಿ ಕಾಯುತ್ತ, ದಿನಕ್ಕೊಂದು ಕಂತು ಕಟ್ಟುವ ಮನುಷ್ಯ ನನ್ನ ಪಕ್ಕದಲ್ಲೇ ಇದ್ದ, ಅವನಿಗೆ ಕಥೆ ಹೇಳುವುದು ಕಲಿಸಲು ಹೋಗಿದ್ದೆ. ಕಾಕಾನ ಎದುರೇ ಅತ್ತುಬಿಟ್ಟೆ.

ನೌಕರಿ ಬಿಡುವುದಿಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ. ಆದರೆ ದಸರಾ ರಜೆಗೆ ಬುಧವಾರ ಜಹೀರಾಬಾದ್, ನಾರಾಯಣಖೇಡ ಮೇಲಿಂದ ಬರುತ್ತೇನೆ. ರಜೆ ಮುಗಿದಾಗ ನೀವು ಬಸ್ಸು ಹತ್ತಿಸಲು ಬರಬೇಕು. ನಾನು ಬರುವ ದಿನ ಕರಿಮೂತಿಯನ್ನು ದೂರ ಮೇಯಲು ಬಿಡಬೇಡಿ.

ಇಂತಿ ನಿಮ್ಮ ಕಥೆಯ ತಕರಾರಿನವಳು,
ಮನಿಷಾ

ತಾ.ಕ.: ಕೊನೆಯ ಕಂತೂ ನೋಡಿದೆ. ಅದರಲ್ಲಿ ತಾಯಿಯೂ ಅವಳನ್ನು ಮರೆಯುತ್ತಾಳೆ, ಹುಡುಗಿ ಬಾಗಿಲತನಕ ಬಂದು ಹಿಂದಿರುಗಿ ಹೋಗುತ್ತಾಳೆ. ಅಲ್ಲಿ ಅವಳಿಗೆ ಕುರಿ ಇರಲಿಲ್ಲ. ಈ ಕೊನೆಯನ್ನು ನಿಮ್ಮ ಅವ್ವನಿಗೆ ಹೇಳಬೇಡಿ.