ಅತ್ತೆ ಬೇಡವೆಂದ ದೊಡ್ಡ ಆಂಪ್

ಪ್ರೀತಿಯ ಅತ್ತೆಗೆ,

ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಫೋನಿನಲ್ಲಿ ನನ್ನ ಅರ್ಧ ಮಾತು ನಿಮಗೆ ಕೇಳಿಸುವುದಿಲ್ಲ. ಕೇಳಿಸದ್ದಕ್ಕೆಲ್ಲ ನೀವು "ಹ್ಞೂಂ, ಹ್ಞೂಂ" ಎಂದುಬಿಡುತ್ತೀರಿ, ನಾನು ಕ್ಷಮೆ ಕೇಳಿಯಾಯಿತೆಂದು ನೆಮ್ಮದಿಯಾಗಿ ಊಟಕ್ಕೆ ಕೂತುಬಿಡುತ್ತೇನೆ. ಅಣ್ಣನ ಮಗನೆಂದು ಅಷ್ಟು ಸುಲಭವಾಗಿ ನನ್ನನ್ನು ಬಿಡಬಾರದು. ಎದುರಿಗೇ ಬರೋಣವೆಂದರೆ ಮುಖವಿಲ್ಲ. ಅದಕ್ಕೇ ಈ ಕಾಗದ. ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಕನ್ನಡಕ ಸಿಗಲಿಲ್ಲವೆಂಬ ನೆಪ ಹೇಳಿ ಅರ್ಧಕ್ಕೆ ಬಿಡಬೇಡಿ.

ಮೊದಲು ಆ ಆಂಪಿನ ಸಮಾಚಾರ. ಮೊನ್ನೆಯವರೆಗೂ ಆ ದೊಡ್ಡ ಪೆಟ್ಟಿಗೆ ನಮ್ಮ ನಡುಮನೆಯಲ್ಲಿ ಬೀಗರ ಹಾಗೆ ಕೂತಿತ್ತು. ಗಿಟಾರ್ ಸಿಕ್ಕಿಸಿ ಮೆಲ್ಲಗೆ ನುಡಿಸಿದರೆ ಸ್ವರ ತೊಳೆದಿಟ್ಟ ತಟ್ಟೆಯಷ್ಟು ಸ್ವಚ್ಛ, ಅಂಚಿನಲ್ಲಿ ಒಂದು ಚೂರೂ ಒಡೆಯುವುದಿಲ್ಲ. ಒಡೆಯಲಿ ಎಂದು ವಾಲ್ಯೂಮ್ ತಿರುಗಿಸುತ್ತ ಹೋದರೆ, ನಮಗೆ ಬೇಕಾದ ಆ ಒರಟು ರಾಕ್ ದನಿ ಬರುವಷ್ಟರಲ್ಲಿ ಕಿಟಕಿಯ ಗಾಜುಗಳು ಕುಣಿಯುತ್ತವೆ. ನನ್ನ ಹೆಂಡತಿ ಒಂದೇ ಮಾತು ಹೇಳಿದಳು: "ಇದನ್ನ ಇಟ್ಕೊಂಡ್ರೆ ತವರಿಗೆ ಹೋಗ್ತೀನಿ ಅನ್ನಲ್ಲ. ಆದ್ರೆ ತವರಿಗೂ ಕೇಳಿಸುತ್ತಲ್ಲ, ಎಲ್ಲಿಗೆ ಹೋಗ್ಲಿ?"

ನೀವು ಅಂಗಡಿಯಲ್ಲೇ ಹೇಳಿದ್ದಿರಿ. "ಚಿಕ್ಕದನ್ನ ತಗೋ ಮರಿ. ಒಳಗಿನ ಗಾಜಿನ ವಾಲ್ವ್ ಬೇಗ ಸುಸ್ತಾಗ್ಬೇಕು. ಸುಸ್ತಾದ್ಮೇಲೇ ಅದು ಹಾಡೋದು." ನಾನು ತಲೆಯಾಡಿಸಿ, ನೀವು ಹೊರಗೆ ಹೋದ ಮೇಲೆ ದೊಡ್ಡದನ್ನು ಕೊಂಡೆ. ಯಾಕೆ ಕೊಂಡೆ ಎನ್ನುವುದನ್ನು ಹೇಳಲೇ ಇಷ್ಟು ಸುತ್ತಿ ಬಳಸಿ ಬರುತ್ತಿದ್ದೇನೆ.

ನಿಮ್ಮ ಹಳೆಯ ಆಂಪ್ ಸತ್ತ ಸಂಜೆ ನಿಮಗೆ ನೆನಪಿರಬೇಕು. ಹಾಡಿನ ನಡುವೆ ಸುಟ್ಟ ವಾಸನೆ ಬಂತು, ವಾಲ್ವುಗಳ ಕೆಂಪು ಆರಿತು, ಮಾವ ಮಾತ್ರ ಏನೂ ಆಗದವರಂತೆ ಡ್ರಮ್ ಬಾರಿಸುತ್ತಲೇ ಇದ್ದರು. ನೀವು ಅದರ ಮೈಮೇಲೆ ಕೈಯಿಟ್ಟು, ಜ್ವರ ನೋಡುವವರ ಹಾಗೆ ಸ್ವಲ್ಪ ಹೊತ್ತು ನಿಂತಿರಿ. ಅದರ ಮೈಯೆಲ್ಲ ನಿಮ್ಮ ಕೈಯದೇ ಕೆಲಸ. ಹೊದಿಕೆ ಹರಿದಾಗಲೆಲ್ಲ ಕಾರಿನ ಸೀಟಿಗೆ ಹೊಲಿದು ಉಳಿದ ರೆಕ್ಸಿನ್ ತುಂಡು ಅಂಟಿಸುತ್ತಿದ್ದಿರಿ. ಒಂದು ಬದಿ ಕಂದು, ಒಂದು ಬದಿ ಬೂದು, ಹಿಂಭಾಗ ಯಾವುದೋ ಟ್ಯಾಕ್ಸಿಯ ಹಸಿರು. ನಮ್ಮ ತಂಡ ಇಡೀ ಊರಿನಲ್ಲಿ ಎಲ್ಲಿ ನುಡಿಸಿದರೂ ಜನ ಮೊದಲು ನಗುತ್ತಿದ್ದುದು ಆ ಪೆಟ್ಟಿಗೆಯನ್ನು ನೋಡಿ. ಆಮೇಲೆ ನೀವು ಗಿಟಾರಿನ ಪಿನ್ ಚುಚ್ಚಿ ನುಡಿಸುತ್ತಿದ್ದಿರಿ, ನಗು ನಿಲ್ಲುತ್ತಿತ್ತು.

ಪಿನ್ ಚುಚ್ಚಲು ಅದಕ್ಕೆ ಎರಡು ಜಾಕ್ ಇದ್ದವು, ಎರಡು ಗಿಟಾರಿಗೆ. ನನ್ನ ಕೈ ತಂತಿಯ ಮೇಲೆ ನಿಲ್ಲಲು ಶುರುವಾದಾಗಿನಿಂದ ಎರಡನೆಯದು ನನ್ನದು. ಬೇರೆ ತಂಡಗಳಲ್ಲಿ ಒಬ್ಬೊಬ್ಬರಿಗೂ ಒಂದೊಂದು ಆಂಪ್ ಇರುತ್ತದೆ ಎಂದು ನಾನು ಹಟ ಹಿಡಿದಾಗ ನೀವು, "ಬೇರೆ ಬೇರೆ ಒಲೆ ಹೂಡೋದಾದ್ರೆ ಒಂದೇ ಮನೆ ಯಾಕೆ" ಎಂದು ಗದರಿಸಿದ್ದಿರಿ. ದೊಡ್ಡವನಾದ ಮೇಲೆ ಅರ್ಥವಾಯಿತು. ನೀವೊಬ್ಬರೇ ನುಡಿಸಿದರೆ ಸ್ವರ ಬೆಚ್ಚಗೆ ನಿಲ್ಲುತ್ತಿತ್ತು. ನಾನೂ ಜೊತೆಗೆ ಬಾರಿಸಿದಾಗ ಇಬ್ಬರ ಭಾರಕ್ಕೆ ವಾಲ್ವ್ ಬಗ್ಗಿ, ಸ್ವರ ಒರಟಾಗಿ ಒಡೆದು ಬರುತ್ತಿತ್ತು. ಆ ದನಿ ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಶಟರ್ ಎಳೆದ ನಿಮ್ಮ ಕಾರ್ ಸೀಟಿನ ಅಂಗಡಿಯಲ್ಲಿ, ಫೋಮಿನ ರಾಶಿಯ ನಡುವೆ, ಶನಿವಾರದ ಆ ಸಂಜೆಗಳಿಗಿಂತ ಸುಖವಾದದ್ದನ್ನು ನಾನು ಬೇರೆ ಕಂಡಿಲ್ಲ.

ಈಗ ನಾಚಿಕೆಯ ಮೊದಲ ಕಂತು. ನನ್ನ ಹೊಟ್ಟೆಪಾಡು ಏನೆಂದು ನಿಮಗೆ ಗೊತ್ತು. ಗಾಜಿನ ಕೋಣೆಯಲ್ಲಿ ಜನರ ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದು ಹೇಳಿ, ಎಷ್ಟು ಕೇಳುತ್ತದೆ, ಎಷ್ಟು ಕೇಳುವುದಿಲ್ಲ ಎಂದು ಅಳೆಯುವವನು ನಾನು. ಯಾರದೋ ಅಜ್ಜಿ, ಯಾರದೋ ಚಿಕ್ಕಪ್ಪ ಬರುತ್ತಾರೆ. ಅವರ ಎದುರು ಕೂತು, ನನ್ನ ತುಟಿ ಅವರಿಗೆ ಕಾಣುವ ಹಾಗೆ ಮುಖ ತಿರುಗಿಸಿ, ನಿಧಾನವಾಗಿ ಮಾತಾಡುತ್ತೇನೆ. ಅವರ ಮಕ್ಕಳು ಸಿಡುಕಿದರೆ, "ಅವರು ಬೇಕು ಅಂತ ಮಾಡ್ತಿಲ್ಲ, ಸ್ವಲ್ಪ ತಾಳ್ಮೆ ಇರಲಿ" ಎಂದು ಬುದ್ಧಿ ಹೇಳುತ್ತೇನೆ. ಅಂಥವನಿಗೆ ತನ್ನ ಅತ್ತೆಯ ಕಿವಿ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮಕ್ಕಳ ಮಾತಿಗೆ, ನನ್ನ ಹೆಂಡತಿಯ ಮಾತಿಗೆ "ಏನಂದೆ?" ಎನ್ನುತ್ತಿದ್ದಿರಿ, ಮಾವನ ದಪ್ಪ ದನಿಗೆ ಮಾತ್ರ ತಕ್ಷಣ ಎದುರುತ್ತರ ಕೊಡುತ್ತಿದ್ದಿರಿ. ವರ್ಷ ಕಳೆದ ಹಾಗೆ ಆಂಪಿನ ಟ್ರೆಬಲ್ ಗುಂಡಿ ನಿಮ್ಮ ಕೈಯಲ್ಲಿ ಮೇಲೆ ಮೇಲೆ ಏರುತ್ತಿತ್ತು. ತೀಕ್ಷ್ಣ ಸ್ವರಗಳು ನಿಮ್ಮಿಂದ ದೂರ ಸರಿಯುತ್ತಿದ್ದವು, ನೀವು ಅವನ್ನು ಹಿಡಿದೆಳೆಯುತ್ತಿದ್ದಿರಿ. ನೀವು ನೀರು ಕುಡಿಯಲು ಎದ್ದಾಗ ನಾನು ಕಳ್ಳನ ಹಾಗೆ ಆ ಗುಂಡಿಯನ್ನು ಇಳಿಸುತ್ತಿದ್ದೆ. ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ನೀವು ನುಡಿಸುವುದನ್ನು ನಿಲ್ಲಿಸಿಬಿಡುತ್ತೀರಿ ಎನ್ನುವ ಭಯ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ನಿಜವೇ. ಆದರೆ ಕಷ್ಟದ ಮಾತು ಆಡುವ ಸೋಮಾರಿತನವೂ ಅದರಲ್ಲಿತ್ತು.

ಇನ್ನು ನಾವು ಹೊಸ ಆಂಪ್ ಕೊಳ್ಳಲು ಹೋದ ಆ ಅಂಗಡಿ. ನೀವು ಕೈಗೆ ಹತ್ತಿದ ಗೋಂದನ್ನೆಲ್ಲ ಉಜ್ಜಿ ತೊಳೆದು, ಗಿಟಾರನ್ನು ಬೆನ್ನಿಗೇರಿಸಿಕೊಂಡು, ಮದುವೆಗೆ ಹೊರಟವರ ಉತ್ಸಾಹದಲ್ಲಿ ಬಂದಿದ್ದಿರಿ. ಬಸ್ಸಿನಲ್ಲಿ ಇಡೀ ದಾರಿ ವಾಲ್ವುಗಳದೇ ಮಾತು. ಅಂಗಡಿಯೊಳಗೆ ನುಣುಪಾದ ನೆಲ, ಗೋಡೆಯ ತುಂಬ ಗಿಟಾರುಗಳು, ಒಂದು ಮೂಲೆಯಲ್ಲಿ ಸಾಲಾಗಿ ಆಂಪುಗಳು. ಅಲ್ಲಿ ಉದ್ದ ಕೂದಲಿನ ಒಬ್ಬ ಗಿರಾಕಿ, ಅವನ ಜೊತೆ ಅವನಂಥವರೇ ಇನ್ನಿಬ್ಬರು. ಅವನು ದೊಡ್ಡ ಆಂಪಿನ ಬಗ್ಗೆ ಏನೋ ಕೇಳಿದ, ನಾನು ಉತ್ತರ ಕೊಟ್ಟೆ, ಅವರು ತಲೆದೂಗಿದರು. ಈ ವಯಸ್ಸಿನಲ್ಲಿ ಅಷ್ಟಕ್ಕೇ ನಾನು ಉಬ್ಬಿಹೋದೆ ಅತ್ತೆ. ವಾಟು, ಸ್ಪೀಕರು ಎಂದು ಬಾಯಿಗೆ ಬಂದದ್ದೆಲ್ಲ ಕೊಚ್ಚಿದೆ. ಅವರು ನನ್ನನ್ನು "ಬಾಸ್" ಎಂದರು.

ಅಷ್ಟರಲ್ಲಿ ನೀವು ಚಿಕ್ಕ ಆಂಪಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಅದರ ಮೈಯೆಲ್ಲ ತಡವಿ, ಪಿನ್ ಚುಚ್ಚಿದಿರಿ. ಟ್ರೆಬಲ್ ಪೂರ್ತಿ ಏರಿಸಿದಿರಿ. ಬಾರಿಸಿದಿರಿ. ತಗಡು ಸೀಳಿದ ಹಾಗೆ ಸದ್ದು ಬಂತು, ಆ ಹುಡುಗರು ಕಿವಿ ಮುಚ್ಚಿಕೊಂಡರು. ನೀವು ಕಣ್ಣು ಮುಚ್ಚಿ ನಗುತ್ತಿದ್ದಿರಿ. ನಿಮಗೆ ಕೇಳುತ್ತಿದ್ದುದು ಬೇರೆಯೇ ಸ್ವರ. ಅದು ಎಷ್ಟು ಚೆನ್ನಾಗಿತ್ತೋ, ಅಷ್ಟು ಚೆನ್ನಾಗಿ ಅಲ್ಲಿದ್ದ ಯಾರಿಗೂ ಕೇಳಿಸಲಿಲ್ಲ. ಆ ಉದ್ದ ಕೂದಲಿನವನು ನನ್ನ ಕಡೆ ವಾಲಿ, "ಯಾರು ಬಾಸ್ ಅವ್ರು? ನಿಮ್ಮ ಜೊತೆ ಬಂದ್ರಲ್ಲಾ?" ಎಂದ.

ನಾನು ನಿಮ್ಮ ಎಡಗಿವಿಯ ಕಡೆ, ಎರಡರಲ್ಲಿ ಹೆಚ್ಚು ಮಂದವಾದ ಕಿವಿಯ ಕಡೆ ನಿಂತಿದ್ದೆ. ಮುಖವನ್ನು ಆಚೆ ತಿರುಗಿಸಿಕೊಂಡೆ, ತುಟಿ ಕಾಣದಿರಲೆಂದು. ದನಿ ತಗ್ಗಿಸಿದೆ. ಯಾವ ಅಕ್ಷರ ನಿಮ್ಮವರೆಗೆ ತಲುಪುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಜನರಿಗೆ ಕೇಳಿಸುವಂತೆ ಮಾಡಲು ಕಲಿತ ವಿದ್ಯೆಯನ್ನೆಲ್ಲ ನಿಮಗೆ ಕೇಳಿಸದಂತೆ ಮಾಡಲು ಬಳಸಿ ಹೇಳಿದೆ: "ಇಲ್ಲಪ್ಪ, ನಮ್ಮ ಪಕ್ಕದ ಮನೆಯವ್ರು. ಬಸ್ಸಲ್ಲಿ ಸಿಕ್ಕಿದ್ರು."

ಒಂದನ್ನು ಮರೆತಿದ್ದೆ. ಅವನದು ದಪ್ಪ ದನಿ, ಮಾವನದಕ್ಕಿಂತ ದಪ್ಪ. "ಓಹೋ, ಪಕ್ಕದ ಮನೆಯವ್ರಾ!" ಎಂದು ಅವನು ಅಂಗಡಿಯೆಲ್ಲ ಕೇಳುವ ಹಾಗೆ ನಕ್ಕ.

ನಿಮ್ಮ ಕೈ ತಂತಿಯ ಮೇಲೆ ನಿಂತಿತು. ನೀವು ತಿರುಗಿ ನನ್ನನ್ನು ನೋಡಲಿಲ್ಲ, ಅವನನ್ನು ನೋಡಿದಿರಿ, ಅವನ ಕಿವಿಯ ಬಳಿ ಇನ್ನೂ ಇದ್ದ ಕೈಗಳನ್ನು ನೋಡಿದಿರಿ. ಟ್ರೆಬಲ್ ಗುಂಡಿಯನ್ನು ಸೊನ್ನೆಗೆ ಇಳಿಸಿ, ಪಿನ್ ಕಿತ್ತು, ವೈರನ್ನು ಅಚ್ಚುಕಟ್ಟಾಗಿ ಸುತ್ತಿ ಚೀಲಕ್ಕೆ ಹಾಕಿಕೊಂಡಿರಿ. ಬೈದಿದ್ದರೆ, ಎಲ್ಲರೆದುರು ಕಪಾಳಕ್ಕೆ ಬಾರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನೀವು ಅಂಗಡಿಯಾತನ ಹತ್ತಿರ ಹೋಗಿ, "ಚೆನ್ನಾಗಿದೆಯಪ್ಪ. ಬೇಕಾಗಿರೋದು ಅವರಿಗೆ, ಅವರನ್ನೇ ಕೇಳಿ. ನಾನು ಪಕ್ಕದ ಮನೆಯವಳು" ಎಂದಿರಿ.

ನನ್ನ ಮಾನ ಉಳಿಯಲೆಂದು ನನ್ನ ಸುಳ್ಳನ್ನು ನೀವೇ ಹೊತ್ತುಕೊಂಡಿರಿ. ನಾನು ಓಡಿಬಂದು ಚೀಲ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಅಲ್ಲೇ ನಿಂತು, ಆ ಹುಡುಗರು ಮೆಚ್ಚಿದ ದೊಡ್ಡ ಆಂಪನ್ನೇ ಕೊಂಡು, ಅದನ್ನು ಮನೆಗೆ ಸಾಗಿಸಲು ವ್ಯಾನು ಹುಡುಕಿದೆ. ಬಸ್ ನಿಲ್ದಾಣದ ಮುಂದೆ ವ್ಯಾನು ಹಾದುಹೋದಾಗ ನೀವು ಬೆಂಚಿನ ಮೇಲೆ ಕೂತಿದ್ದಿರಿ. ವ್ಯಾನು ನಿಲ್ಲಿಸಿ ಎಂದು ನಾನು ಹೇಳಲಿಲ್ಲ. ಇದನ್ನು ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತಿದೆ.

ಮನೆಗೆ ತಂದು ಹಿಂದೆ ಮುಂದೆ ನೋಡಿದಾಗಲೇ ತಿಳಿದದ್ದು, ಅದಕ್ಕೆ ಇದ್ದದ್ದು ಒಂದೇ ಜಾಕ್. ಅಂಗಡಿಯಲ್ಲಿ ನೀವು ಚಿಕ್ಕದರ ಮೈ ತಡವುತ್ತಿದ್ದುದು ಯಾಕೆಂದು ಆಗ ಹೊಳೆಯಿತು. ನನಗೊಂದು ಜಾಗ ಇದೆಯೇ ಎಂದು ನೀವು ಹುಡುಕುತ್ತಿದ್ದಿರಿ. ನಾನು ನಿಮಗೆ ಜಾಗವೇ ಇಲ್ಲದ್ದನ್ನು ಕೊಂಡುತಂದಿದ್ದೆ.

ಮೊನ್ನೆ ಅದನ್ನು ವಾಪಸು ಒಯ್ದು ಚಿಕ್ಕದನ್ನು ಕೇಳಿದೆ. ಅಂಗಡಿಯಾತ ಚಿಕ್ಕದು ಯಾಕೆ ಸಾರ್ ಎಂದ. "ನಮ್ಮತ್ತೆ, ನಾನು ಇಬ್ರೂ ಒಂದೇ ಆಂಪಲ್ಲಿ ನುಡಿಸೋದು" ಎಂದೆ. "ಯಾವ ಅತ್ತೆ?" "ಅವತ್ತು ಬಂದಿದ್ರಲ್ಲ, ಅವರೇ." ಅವನು ನನ್ನ ಮುಖ ನೋಡಿದ. "ಪಕ್ಕದ ಮನೆಯವರು ಅಂದಿದ್ರಿ?" "ಹೌದು, ಅಂದೆ. ಸುಳ್ಳು ಹೇಳಿದೆ." ಅವನು ಎರಡು ಜಾಕಿನ ಆ ಚಿಕ್ಕದನ್ನು ಕಟ್ಟಿಕೊಟ್ಟ. ಅಂಥ ಧೈರ್ಯವೇನೂ ಅಲ್ಲ ಬಿಡಿ, ಆ ಹುಡುಗರು ಅಲ್ಲಿರಲಿಲ್ಲ.

ನಿಮಗೆ ಸಿಟ್ಟು ಬಂದಿದೆ, ನಾಲ್ಕು ದಿನದಲ್ಲಿ ಇಳಿಯುತ್ತದೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ನಿನ್ನೆ ಮಾವ ಸಿಕ್ಕಿದ್ದರು. "ಅವಳಿಗೆ ನಿನ್ನ ಮೇಲೆ ಸಿಟ್ಟಿಲ್ಲ ಕಣೋ. ಗಿಟಾರಿನ ತಂತಿ ಬಿಚ್ಚಿಟ್ಟಿದ್ದಾಳೆ. ಇಷ್ಟು ವರ್ಷ ಜನಕ್ಕೆ ಎಷ್ಟು ಹಿಂಸೆ ಕೊಟ್ನೋ, ಒಬ್ಬರೂ ಹೇಳ್ಲಿಲ್ಲವಲ್ಲ ಅಂತಾಳೆ" ಎಂದರು. ಮನೆಗೆ ಬಂದವನೇ ಈ ಕಾಗದಕ್ಕೆ ಕೂತೆ. ಕಿವಿ ಮಂದವಾಗಿದೆ ಎನ್ನುವ ಸುದ್ದಿಯನ್ನು ಗುರುತಿಲ್ಲದ ಜನರಿಗೆ ನಾನು ಕುರ್ಚಿ ಎಳೆದು ಕೂತು, ಕೈ ಹಿಡಿದು ಹೇಳುತ್ತೇನೆ. ನಿಮಗೆ ಮಾತ್ರ ಆ ಸುದ್ದಿ, ನಾನು ನಿಮ್ಮನ್ನು ನನ್ನವರಲ್ಲ ಎಂದಾಗ ತಿಳಿಯಿತು.

ಹಿಂಸೆಯಲ್ಲ ಅತ್ತೆ. ನಿಮ್ಮ ಕೈ ಎಂದಿಗೂ ತಪ್ಪಿಲ್ಲ, ಒಂದು ಗುಂಡಿ ಮಾತ್ರ ಹೆಚ್ಚು ತಿರುಗುತ್ತಿತ್ತು. ಅದನ್ನು ಹೇಳಬೇಕಾದವನು ನಾನು. ಕಿವಿಗೆ ಯಂತ್ರ ಹಾಕಿದರೆ ಎಲ್ಲವೂ ಮೊದಲಿನಂತೆ ಆಗುತ್ತದೆ ಎಂದು ಸುಳ್ಳು ಹೇಳುವುದಿಲ್ಲ, ಸುಳ್ಳು ಸಾಕಾಗಿದೆ. ಒಂದಷ್ಟು ಮರಳಿ ಬರುತ್ತದೆ. ಬಾರದ್ದನ್ನು ನನ್ನ ಕಿವಿಯಲ್ಲಿ ಕೇಳಿ ನಿಮಗೆ ಹೇಳುತ್ತೇನೆ, ಗುಂಡಿ ಇಳಿಸಬೇಕಾದಾಗ ಎದುರಿಗೇ ಹೇಳಿ ಇಳಿಸುತ್ತೇನೆ.

ಗುರುವಾರ ಮಧ್ಯಾಹ್ನ ನನ್ನ ಗಾಜಿನ ಕೋಣೆಯನ್ನು ನಿಮಗಾಗಿ ಖಾಲಿ ಇಟ್ಟಿದ್ದೇನೆ. ಹೊರಗೆ ಕೂತಿರುವ ಜನರೆಲ್ಲ ಕೇಳುವ ಹಾಗೆ ನಿಮ್ಮನ್ನು ಹೆಸರು ಹಿಡಿದು ಅಲ್ಲ, ಅತ್ತೆ ಎಂದು ಕರೆಯುತ್ತೇನೆ. ನೀವು ಮೊದಲ ಸಲಕ್ಕೇ "ಏನಂದೆ?" ಎಂದರೂ ಪರವಾಗಿಲ್ಲ. ಇನ್ನೂ ಜೋರಾಗಿ ಕರೆಯುತ್ತೇನೆ, ಬರುವವರೆಗೂ ಕರೆಯುತ್ತೇನೆ.

ನಿಮ್ಮ ಆಶೀರ್ವಾದ ಬೇಡುವಷ್ಟು ಮುಖ ನನಗೀಗ ಉಳಿದಿಲ್ಲ. ಹರಸಲು ಮನಸ್ಸಾಗದಿದ್ದರೆ ಬೈಯುವುದಕ್ಕಾದರೂ ಬನ್ನಿ. ನಿಮ್ಮ ಕೈಬೆರಳು ಗಟ್ಟಿಯಾಗಿರಲಿ.

ನಿಮ್ಮ ಕಾಲಿಗೆರಗುವ,
ನಿಮ್ಮ ಸೋದರಳಿಯ